ಗದ್ದಲದೊಳಗಿನ ದನಿ: ಕೈ ರೇಡಿಯೋ ಸ್ಕ್ಯಾನರಿನ ಹಿಂದಿನ ಕಥೆ

ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ, ರೈಲು ನಿಲ್ದಾಣದಿಂದ ಸ್ವಲ್ಪ ದೂರದ ಒಂದು ತೆಂಗಿನ ತೋಟದಲ್ಲಿ ನೀವು ನಿಂತಿದ್ದೀರಿ ಎಂದುಕೊಳ್ಳಿ. ಕೈಯಲ್ಲಿ ಅಂಗೈಯಗಲದ ಒಂದು ರೇಡಿಯೋ ಗ್ರಾಹಕ, ಅದರ ತಲೆಯ ಮೇಲೆ ಗೇಣುದ್ದದ ರಬ್ಬರು ಹೊದಿಸಿದ ಆಂಟೆನಾ. ಪೂರ್ವಕ್ಕೆ ಸುಮಾರು 30 ಕಿ.ಮೀ. ದೂರದ ತುಮಕೂರಿನಲ್ಲಿ ಯಾರೋ ಇಂಥದೇ ಪೆಟ್ಟಿಗೆ ಹಿಡಿದು ಮಾತನಾಡುತ್ತಿದ್ದಾರೆ. ನಿಮಗೆ ಕೇಳುವುದು ಬರೀ 'ಸುಂಯ್' ಎಂಬ ಸದ್ದು. ಅಷ್ಟರಲ್ಲಿ ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣ ನೆತ್ತಿಯ ಮೇಲೆ ಹಾದುಹೋಗುತ್ತದೆ. 400 ಕಿ.ಮೀ.ಗೂ ಹೆಚ್ಚು ಎತ್ತರದಲ್ಲಿರುವ ಅದರ ಹವ್ಯಾಸಿ ರೇಡಿಯೋ ಪ್ರೇಷಕ ಆಗ ಕೆಲಸ ಮಾಡುತ್ತಿದ್ದರೆ, ಅದೇ ಪೆಟ್ಟಿಗೆಯಲ್ಲಿ ದನಿ ಸ್ಪಷ್ಟವಾಗಿ ಕೇಳುತ್ತದೆ.

ಹತ್ತಿರದ್ದು ಕೇಳದು, ದೂರದ್ದು ಕೇಳುತ್ತದೆ. ಇದೇಕೆ? ಪೆಟ್ಟಿಗೆ ಕೆಟ್ಟಿದೆ ಎಂದು ಅನೇಕರು ಅದನ್ನು ಅಂಗಡಿಗೆ ಹಿಂದಿರುಗಿಸುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಮಾತ್ರ ನೆಲವೇ ನಿಜವಾಗಿ ಡೊಂಕು! ಭೂಮಿಯ ಮೈ ಬಾಗಿದೆ ಎಂಬುದೇ ಒಗಟಿನ ಉತ್ತರ. ಹತ್ತಾರು ಮೆಗಾಹರ್ಟ್ಸ್‌ಗಿಂತ ಹೆಚ್ಚಿನ ಆವೃತ್ತಿಯ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರ ದಾರಿಯನ್ನೇ ಹಿಡಿಯುತ್ತವೆ. ಅವುಗಳಿಗೂ ಒಂದು ದಿಗಂತವಿದೆ. ವಾತಾವರಣ ಅಲೆಯನ್ನು ಕೊಂಚ ಬಾಗಿಸುವುದನ್ನೂ ಲೆಕ್ಕಕ್ಕೆ ಹಿಡಿದರೆ, ಎರಡು ಆಂಟೆನಾಗಳ ನಡುವಿನ ಗರಿಷ್ಠ ದೂರವನ್ನು ಕಿಲೋಮೀಟರುಗಳಲ್ಲಿ ಹೀಗೆ ಕಾಣಬಹುದು: ಆಂಟೆನಾಗಳ ಎತ್ತರಗಳನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲಗಳನ್ನು ಕೂಡಿಸಿ, 4.12ರಿಂದ ಗುಣಿಸಿ.

ನಿಮ್ಮ ಪೆಟ್ಟಿಗೆ ನೆಲದಿಂದ 1.5 ಮೀ. ಎತ್ತರದಲ್ಲಿದೆ. ಮಾತನಾಡುವವರದೂ ಅಷ್ಟೇ ಇದ್ದರೆ ದೂರ ಸುಮಾರು 10 ಕಿ.ಮೀ. ಅವರು ಆಂಟೆನಾವನ್ನು 20 ಮೀ. ಕಂಬಕ್ಕೆ ಏರಿಸಿದರೆ 23 ಕಿ.ಮೀ. ಆಗಲೂ ನಿಟ್ಟೂರು ಎಟುಕದು. ಅವರೇ ದೇವರಾಯನದುರ್ಗದ ಬೆಟ್ಟ ಹತ್ತಿ, ಸುತ್ತಲ ಬಯಲಿಗಿಂತ 350 ಮೀ. ಮೇಲೆ ನಿಂತರೆ 82 ಕಿ.ಮೀ. ಬೆಟ್ಟ ನಿಟ್ಟೂರಿನಿಂದ 40 ಕಿ.ಮೀ.ಗೂ ದೂರವಿದ್ದರೂ ಅಲ್ಲಿಂದ ಮಾತು ಬರುವ ಸಾಧ್ಯತೆಯಿದೆ. ಅಂತರಿಕ್ಷ ನಿಲ್ದಾಣಕ್ಕಾದರೋ ದಿಗಂತ 2,000 ಕಿ.ಮೀ.ಗೂ ಆಚೆ. ಅಂದರೆ ಇಂಥ ಪೆಟ್ಟಿಗೆಯ ವಿಷಯದಲ್ಲಿ ಎತ್ತರಕ್ಕೆ ಇರುವ ಬೆಲೆ ವಾಟಿಗಿಲ್ಲ.

ಈ ಪುಟ್ಟ ಪೆಟ್ಟಿಗೆಯ ಒಂದೊಂದು ಗುಂಡಿಯ ಹಿಂದೆಯೂ ಒಂದು ಇತಿಹಾಸವಿದೆ. ಆ ಇತಿಹಾಸದ ಬಹುಭಾಗ ದನಿಯದ್ದಲ್ಲ, ಗದ್ದಲದ್ದು. ಅದರಲ್ಲಿ ಕರ್ನಾಟಕದ ಪಾಲೂ ಸಾಕಷ್ಟಿದೆ.

ಮೂವತ್ತು ವಾಟಿನ ಕೇಂದ್ರ

1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಒಂದು ಖಾಸಗಿ ಬಾನುಲಿ ಕೇಂದ್ರ ಆರಂಭವಾಯಿತು. ಅದನ್ನು ಸ್ಥಾಪಿಸಿದವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ. ಸ್ಥಳ ಅವರ ಮನೆ 'ವಿಠ್ಠಲ ವಿಹಾರ'. ಪ್ರೇಷಕದ ಸಾಮರ್ಥ್ಯ ಕೇವಲ 30 ವಾಟ್. ಇಂದಿನ ಒಂದು ಹಳೆಯ ಮಾದರಿಯ ಸಣ್ಣ ಬಲ್ಬಿಗೆ ಬೇಕಾದಷ್ಟು! ಆ ಕೇಂದ್ರಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು 1950ರ ದಶಕದ ಉತ್ತರಾರ್ಧದಲ್ಲಿ ಇಡೀ ದೇಶದ ಬಾನುಲಿಯ ಹೆಸರಾಯಿತು ಎಂಬುದು ನಿಮಗೆ ತಿಳಿದೇ ಇದೆ. 1942ರಲ್ಲಿ ಸಂಸ್ಥಾನದ ಆಡಳಿತ ಕೇಂದ್ರವನ್ನು ವಹಿಸಿಕೊಂಡಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಆರಂಭವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1954ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಹುಟ್ಟಿತ್ತು. ರೇಡಿಯೋ ಉಪಕರಣ, ಕವಾಟ, ಟ್ರಾನ್ಸಿಸ್ಟರುಗಳನ್ನು ನಮ್ಮಲ್ಲೇ ತಯಾರಿಸುವ ಪರಂಪರೆ ಅಲ್ಲಿಂದ ಬೆಳೆಯಿತು.

30 ವಾಟಿನ ಕೇಂದ್ರದ ದನಿಯನ್ನು ಜನ ಕೇಳಲು ಆದದ್ದಾದರೂ ಹೇಗೆ? ಆಗ ಗದ್ದಲ ಕಡಿಮೆಯಿತ್ತು ಎಂಬುದೇ ಉತ್ತರದ ಒಂದು ಮುಖ್ಯ ಭಾಗ. ಗ್ರಾಹಕಕ್ಕೆ ಮುಖ್ಯವಾದುದು ಸಂಜ್ಞೆಯ ಬಲವೊಂದೇ ಅಲ್ಲ, ಸಂಜ್ಞೆಗೂ ಗದ್ದಲಕ್ಕೂ ಇರುವ ಅನುಪಾತ. ನಿಶ್ಶಬ್ದವಾದ ತರಗತಿಯಲ್ಲಿ ಪಿಸುಮಾತೂ ಕೊನೆಯ ಬೆಂಚಿಗೆ ಕೇಳುತ್ತದೆ; ಜಾತ್ರೆಯಲ್ಲಿ ಕೂಗಿದರೂ ಪಕ್ಕದವನಿಗೆ ಕೇಳದು. ಈ ಅನುಪಾತವನ್ನು ಮರೆತು ರೇಡಿಯೋವನ್ನು ಅರ್ಥ ಮಾಡಿಕೊಳ್ಳಲು ಸಾಧ್ಯವಿಲ್ಲ.

1933: ಒಂದೇ ವರ್ಷ, ಮೂರು ದಾರಿ

ಮೈಸೂರಿನ ಕೇಂದ್ರಕ್ಕೆ ಎರಡು ವರ್ಷ ಹಿಂದಿನ 1933 ರೇಡಿಯೋ ಇತಿಹಾಸದಲ್ಲಿ ಒಂದು ವಿಶೇಷ ವರ್ಷ. ಆ ವರ್ಷ ನಡೆದ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಘಟನೆಗಳನ್ನು ನೋಡೋಣ.

ಮೊದಲನೆಯದು, ಗದ್ದಲವನ್ನು ಅಡಗಿಸುವ ದಾರಿ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್‌ಗೆ ಆವೃತ್ತಿ ಮಾಡ್ಯುಲೇಷನ್ ಅಥವಾ ಎಫ್.ಎಂ. ವಿಧಾನದ ಪೇಟೆಂಟುಗಳು 1933ರಲ್ಲಿ ದೊರೆತವು. ಮಿಂಚು, ವಿದ್ಯುತ್ ಕಿಡಿ ಮುಂತಾದವು ಅಲೆಯ ಪಾರವನ್ನು, ಎಂದರೆ ಅದರ ಎತ್ತರವನ್ನು, ಕೆಡಿಸುತ್ತವೆ. ಮಾತನ್ನು ಪಾರದಲ್ಲಿ ಅಡಗಿಸುವ ಬದಲು ಆವೃತ್ತಿಯ ಏರಿಳಿತದಲ್ಲಿ ಅಡಗಿಸಿದರೆ, ಗ್ರಾಹಕದಲ್ಲಿ ಪಾರದ ಏರುಪೇರನ್ನು ಕತ್ತರಿಸಿ ಎಸೆಯಬಹುದು. ಸಂಜ್ಞೆ ಸಾಕಷ್ಟು ಬಲವಾಗಿದ್ದರೆ ಗದ್ದಲ ಮಾಯವಾಗುತ್ತದೆ.

ಎರಡನೆಯದು, ಗದ್ದಲವನ್ನೇ ಆಲಿಸುವ ದಾರಿ. ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿಗೆ ವಹಿಸಿದ್ದ ಕೆಲಸ ಅಟ್ಲಾಂಟಿಕ್ ಸಾಗರದಾಚೆಗಿನ ರೇಡಿಯೋ ದೂರವಾಣಿಗೆ ಅಡಚಣೆ ಮಾಡುವ ಸದ್ದುಗಳ ಮೂಲ ಹುಡುಕುವುದು. ತಿರುಗುವ ಒಂದು ದೊಡ್ಡ ಆಂಟೆನಾ ಕಟ್ಟಿ, 20.5 ಮೆಗಾಹರ್ಟ್ಸ್‌ನಲ್ಲಿ ಅವರು ಆಲಿಸಿದರು. ಹತ್ತಿರದ ಗುಡುಗು ಮಳೆ ಒಂದು, ದೂರದ ಗುಡುಗು ಮಳೆ ಇನ್ನೊಂದು. ಮೂರನೆಯದಾಗಿ ಒಂದೇ ಸಮನೆ ಕೇಳುವ ಸಣ್ಣ 'ಸುಂಯ್' ಸದ್ದು. ಅದು ಗರಿಷ್ಠವಾಗುವ ಹೊತ್ತು ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗುತ್ತಿತ್ತು. 23 ಗಂಟೆ 56 ನಿಮಿಷ ಎಂದರೆ ನಕ್ಷತ್ರಗಳ ದಿನ! ಆದ್ದರಿಂದ ಸದ್ದಿನ ಮೂಲ ಭೂಮಿಯಲ್ಲಿಲ್ಲ, ಸೂರ್ಯನಲ್ಲೂ ಇಲ್ಲ, ನಮ್ಮ ಆಕಾಶಗಂಗೆಯಲ್ಲಿದೆ ಎಂದು 1933ರಲ್ಲಿ ಅವರು ಪ್ರಕಟಿಸಿದರು. ರೇಡಿಯೋ ಖಗೋಳ ವಿಜ್ಞಾನ ಹೀಗೆ ಒಂದು ಅಡಚಣೆಯಿಂದ ಹುಟ್ಟಿತು.

ಮೂರನೆಯದು, ಕಾನೂನಿನ ದಾರಿ. ಭಾರತದಲ್ಲಿ ಅದೇ ವರ್ಷ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂತು. ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧ ಎಂದು ಅದು ಸಾರಿತು. ಕೇಳುವ ಪೆಟ್ಟಿಗೆಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸುತ್ತಿದ್ದುದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು.

ಇಂದು ನಿಮ್ಮ ಕೈಯಲ್ಲಿರುವ ಸ್ಕ್ಯಾನರಿನಲ್ಲಿ ಈ ಮೂರೂ ದಾರಿಗಳು ಸೇರುತ್ತವೆ: ಎಫ್.ಎಂ., ಗದ್ದಲ ಮತ್ತು ಕಾನೂನು.

ಹರಳಿನಿಂದ ಚಿಪ್ಪಿಗೆ

ಪೊಲೀಸು, ಅಗ್ನಿಶಾಮಕ ಮುಂತಾದ ಸೇವೆಗಳು ಎಫ್.ಎಂ. ವಾಕಿ-ಟಾಕಿಗಳನ್ನು ಬಳಸತೊಡಗಿದ ಮೇಲೆ, ಹಲವು ಆವೃತ್ತಿಗಳನ್ನು ಒಂದರ ನಂತರ ಒಂದರಂತೆ ತಾನೇ ಪರೀಕ್ಷಿಸುವ ಗ್ರಾಹಕಗಳು ಅಮೆರಿಕದಲ್ಲಿ 1960ರ ದಶಕದ ಕೊನೆಯ ಹೊತ್ತಿಗೆ ಬಂದವು. ಅವುಗಳಲ್ಲಿ ಒಂದೊಂದು ಆವೃತ್ತಿಗೂ ಒಂದೊಂದು ಸ್ಫಟಿಕದ ಹರಳು ಬೇಕಿತ್ತು. ಎಂಟು ಕಡೆ ಆಲಿಸಬೇಕಾದರೆ ಎಂಟು ಹರಳು. 1970ರ ದಶಕದಲ್ಲಿ ಒಂದೇ ಹರಳಿನಿಂದ ನೂರಾರು ಆವೃತ್ತಿಗಳನ್ನು ತಯಾರಿಸುವ ಸಂಶ್ಲೇಷಕ ಮಂಡಲಗಳು ಬಂದು ಹರಳುಗಳ ಕಾಲ ಮುಗಿಯಿತು. 2012ರಲ್ಲಿ ಇನ್ನೊಂದು ತಿರುವು. ಕಂಪ್ಯೂಟರಿಗೆ ಸಿಕ್ಕಿಸಿ ಟಿ.ವಿ. ನೋಡಲು ಮಾಡಿದ್ದ ಅಗ್ಗದ ಒಂದು ಸಾಧನವನ್ನೇ ತಂತ್ರಾಂಶದ ನೆರವಿನಿಂದ ವಿಶಾಲ ಆವೃತ್ತಿ ವ್ಯಾಪ್ತಿಯ ಗ್ರಾಹಕವಾಗಿ ಬಳಸಬಹುದೆಂದು ಹವ್ಯಾಸಿಗಳು ತೋರಿಸಿಕೊಟ್ಟರು.

ಸ್ಕ್ಯಾನರ್ ಎಲ್ಲವನ್ನೂ ಏಕಕಾಲಕ್ಕೆ ಕೇಳುತ್ತದೆ ಎಂದು ತಿಳಿಯಬೇಡಿ. ನಮ್ಮ ದೇಶದಲ್ಲಿ ಹವ್ಯಾಸಿಗಳಿಗೆ ಮೀಸಲಾದ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯನ್ನೇ ತೆಗೆದುಕೊಳ್ಳಿ. 12.5 ಕಿಲೋಹರ್ಟ್ಸ್‌ಗೆ ಒಂದರಂತೆ 160 ಮೆಟ್ಟಿಲುಗಳಾಗುತ್ತವೆ. ಸೆಕೆಂಡಿಗೆ 40 ಮೆಟ್ಟಿಲು ಏರಿದರೂ ಒಂದು ಸುತ್ತಿಗೆ 4 ಸೆಕೆಂಡು ಬೇಕು. ಮೂರು ಸೆಕೆಂಡಿನ ಮಾತು ತಪ್ಪಿಹೋದರೆ ಆಶ್ಚರ್ಯವಿಲ್ಲ.

ಸ್ಕ್ಯಾನರ್ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು 'ಸ್ಕ್ವೆಲ್ಚ್' ಎಂಬ ಗುಂಡಿ. ಎಫ್.ಎಂ. ಗ್ರಾಹಕದಲ್ಲಿ ಸಂಜ್ಞೆ ಇಲ್ಲದಾಗ ಸದ್ದು ಜೋರು, ಸಂಜ್ಞೆ ಬಂದೊಡನೆ ಸದ್ದು ಕಡಿಮೆ. ಈ ವ್ಯತ್ಯಾಸವನ್ನು ಅಳೆದು, ನಾವು ಇಟ್ಟ ಮಿತಿಯನ್ನು ಸಂಜ್ಞೆ ದಾಟಿದಾಗ ಮಾತ್ರ ಈ ಮಂಡಲ ಬಾಗಿಲು ತೆರೆಯುತ್ತದೆ. ಗುಂಡಿಯನ್ನು ತೀರಾ ಬಿಗಿಯಾಗಿ ತಿರುಗಿಸಿದರೆ ಕ್ಷೀಣ ದನಿಗಳು ಹೊರಗೇ ಉಳಿಯುತ್ತವೆ. ತೀರಾ ಸಡಿಲ ಬಿಟ್ಟರೆ ಸ್ಕ್ಯಾನರ್ ಗದ್ದಲಕ್ಕೇ ನಿಂತುಬಿಡುತ್ತದೆ. ಸದ್ದು ಆಗತಾನೇ ಅಡಗುವ ಬಿಂದುವಿನಿಂದ ಕೂದಲೆಳೆಯಷ್ಟು ಮುಂದೆ ಇಡುವುದು ಒಳ್ಳೆಯ ಅಭ್ಯಾಸ.

ಇಲ್ಲದ ಕೇಂದ್ರ ಕೇಳುವುದೇಕೆ?

1918ರಲ್ಲಿ, ಮೊದಲ ಮಹಾಯುದ್ಧದ ಕಾಲಕ್ಕೆ, ಇದೇ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟೆರೊಡೈನ್ ವಿಧಾನ ಇಂದಿಗೂ ಬಹುಪಾಲು ಸ್ಕ್ಯಾನರುಗಳ ಜೀವಾಳ. ಗ್ರಾಹಕದೊಳಗೇ ಒಂದು ಪುಟ್ಟ ಆಂದೋಲಕವಿರುತ್ತದೆ. ಹೊರಗಿನಿಂದ ಬಂದ ಅಲೆಯನ್ನು ಅದರೊಡನೆ ಬೆರೆಸಿದಾಗ ಎರಡರ ಆವೃತ್ತಿಗಳ ವ್ಯತ್ಯಾಸಕ್ಕೆ ಸಮನಾದ ಹೊಸ ಆವೃತ್ತಿ ಹುಟ್ಟುತ್ತದೆ. ಈ ವ್ಯತ್ಯಾಸವನ್ನು ಯಾವಾಗಲೂ ಒಂದೇ ಬೆಲೆಯಲ್ಲಿ, ಉದಾಹರಣೆಗೆ 10.7 ಮೆಗಾಹರ್ಟ್ಸ್‌ನಲ್ಲಿ ಇಟ್ಟುಕೊಂಡರೆ, ಮುಂದಿನ ವರ್ಧಕ, ಸೋಸುಕಗಳನ್ನು ಆ ಒಂದು ಆವೃತ್ತಿಗಷ್ಟೇ ನಿಖರವಾಗಿ ತಯಾರಿಸಬಹುದು.

ಇಲ್ಲೊಂದು ತೊಡಕಿದೆ. ಸ್ಕ್ಯಾನರಿನ ಅಂಕಿ 122.7 ಮೆಗಾಹರ್ಟ್ಸ್ ತೋರಿಸುತ್ತಿದೆ, ಒಳಗಿನ ಆಂದೋಲಕ 112.0ರಲ್ಲಿದೆ ಎನ್ನೋಣ. ವ್ಯತ್ಯಾಸ 10.7, ಸರಿ. ಆದರೆ 101.3ಕ್ಕೂ 112.0ಕ್ಕೂ ಇರುವ ವ್ಯತ್ಯಾಸವೂ 10.7! 101.3 ಮೆಗಾಹರ್ಟ್ಸ್ ಬೆಂಗಳೂರು ಆಕಾಶವಾಣಿಯ 'ಕಾಮನಬಿಲ್ಲು' ಎಫ್.ಎಂ. ಅಗ್ಗದ ಸ್ಕ್ಯಾನರನ್ನು ಬೆಂಗಳೂರಿಗೆ ಕೊಂಡೊಯ್ದರೆ ವಿಮಾನಗಳಿಗೆ ಮೀಸಲಾದ ಪಟ್ಟಿಯಲ್ಲಿ ಒಡಕು ದನಿಯ ಚಿತ್ರಗೀತೆ ಕೇಳಿಸಬಹುದು. ಯಾರೂ ಅಲ್ಲಿ ಅಕ್ರಮ ಕೇಂದ್ರ ನಡೆಸುತ್ತಿಲ್ಲ. ಇದು ಪ್ರತಿಬಿಂಬ ಆವೃತ್ತಿಯ ಆಟ.

ಇನ್ನೊಂದು ಭೂತವೂ ಉಂಟು. ಬಲವಾದ ಎರಡು ಸಂಜ್ಞೆಗಳು ಗ್ರಾಹಕದ ಮೊದಲ ವರ್ಧಕವನ್ನು ಮಿತಿಮೀರಿ ತುಂಬಿದರೆ ಅವು ಒಳಗೇ ಬೆರೆತು ಹೊಸ ಆವೃತ್ತಿಗಳನ್ನು ಹುಟ್ಟಿಸುತ್ತವೆ. 101.3 ಮತ್ತು ವಿವಿಧ ಭಾರತಿಯ 102.9 ಬೆರೆತರೆ, ಒಂದರ ಇಮ್ಮಡಿಯಿಂದ ಇನ್ನೊಂದನ್ನು ಕಳೆದಾಗ ಬರುವ 99.7 ಮತ್ತು 104.5ರಲ್ಲಿ ಕಲಸುಮೇಲೋಗರ ಕೇಳಿಸುತ್ತದೆ. ಪರೀಕ್ಷೆ ಸುಲಭ: ಆಂಟೆನಾವನ್ನು ಕಿರಿದು ಮಾಡಿ. ನಿಜವಾದ ಕೇಂದ್ರ ಸ್ವಲ್ಪವೇ ಕುಗ್ಗುತ್ತದೆ, ಭೂತ ಥಟ್ಟನೆ ಮಾಯವಾಗುತ್ತದೆ. ಉದ್ದದ ಆಂಟೆನಾ ಯಾವಾಗಲೂ ಮೇಲು ಎಂಬ ನಂಬಿಕೆ ಇಲ್ಲಿ ಬಿದ್ದುಹೋಗುತ್ತದೆ.

ಅರ್ಧ ಮೀಟರ್ ಸರಿದು ನೋಡಿ

ಇಂಗ್ಲಿಷಿನಲ್ಲಿ ಎರಡು ಬೇರೆ ಸಂಗತಿಗಳಿಗೆ ಒಂದೇ ಪದವಿದೆ. ಯಂಗ್‌ನ ಜೋಡಿ ಸೀಳುಗಳ ಪ್ರಯೋಗದಲ್ಲಿ ನಾವು ಕಲಿಸುವ 'ವ್ಯತಿಕರಣ' ಒಂದು, ಬೇಡದ ಸದ್ದಿನ 'ಅಡಚಣೆ' ಇನ್ನೊಂದು. ಕನ್ನಡದಲ್ಲಿ ಎರಡು ಪದಗಳಿರುವುದು ನಮ್ಮ ಅದೃಷ್ಟ. ಸ್ಕ್ಯಾನರಿನಲ್ಲಿ ಎರಡೂ ಎದುರಾಗುತ್ತವೆ.

ಒಂದೇ ಪ್ರೇಷಕದ ಅಲೆ ನೇರವಾಗಿಯೂ, ಕಟ್ಟಡ, ನೀರಿನ ಟ್ಯಾಂಕು ಅಥವಾ ಬಂಡೆಗೆ ಬಡಿದು ಹಿಂದಿರುಗಿಯೂ ನಿಮ್ಮನ್ನು ತಲುಪುತ್ತದೆ. ಎರಡು ದಾರಿಗಳ ಅಲೆಗಳು ಒಂದು ಜಾಗದಲ್ಲಿ ಕೂಡಿಕೊಂಡರೆ ಇನ್ನೊಂದರಲ್ಲಿ ಅಳಿಸಿಕೊಳ್ಳುತ್ತವೆ. 145 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ ಸುಮಾರು 2 ಮೀ. ಎದುರಿನಿಂದ ಪ್ರತಿಫಲಿಸಿ ಬಂದ ಅಲೆಯಾದರೆ ಬಲದ ತಾಣಕ್ಕೂ ಮೌನದ ತಾಣಕ್ಕೂ ನಡುವೆ ಅದರ ಕಾಲುಭಾಗ, ಎಂದರೆ ಅರ್ಧ ಮೀಟರ್. ದನಿ ಕತ್ತರಿಸುತ್ತಿದೆಯೇ? ಒಂದು ಹೆಜ್ಜೆ ಸರಿದು ನಿಲ್ಲಿ. ಆಂಟೆನಾದ ತುದಿಯನ್ನು ಪ್ರೇಷಕದತ್ತ ಚಾಚಬೇಡಿ. ಕಡ್ಡಿಯ ನೇರಕ್ಕೆ ಅದು ಬಹುಮಟ್ಟಿಗೆ ಕಿವುಡು. ಬದಿಯನ್ನು ತೋರಿಸಿ.

ಮನೆಯೊಳಗಿನ ಗುಡುಗು

ಈಗ ಅಡಚಣೆಯ ಮಾತು. ಮಧ್ಯಮ ತರಂಗದಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಿಡಿದು ಕುಳಿತ ಹಿರಿಯರೊಬ್ಬರು, 'ಮೊದಲು ಚೆನ್ನಾಗಿ ಕೇಳುತ್ತಿತ್ತು, ಈಗ ಬರೀ ಗರಗರ' ಎಂದರೆ ಅವರ ಕಿವಿಯನ್ನೋ ಸೆಟ್ಟನ್ನೋ ದೂರಬೇಡಿ. ಮನೆಯಲ್ಲಿ ಏನು ಬದಲಾಗಿದೆ ನೋಡಿ. ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರ್, ಟಿ.ವಿ.ಯ ಸೆಟ್‌ಟಾಪ್ ಪೆಟ್ಟಿಗೆ ಇವೆಲ್ಲದರೊಳಗೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ವಿದ್ಯುತ್ತನ್ನು ಹಚ್ಚಿ ಆರಿಸುವ ಮಂಡಲಗಳಿವೆ. ಹಾಗೆ ಕಡಿದಾದ ಅಂಚುಳ್ಳ ಅಲೆಯಲ್ಲಿ ಮೂಲ ಆವೃತ್ತಿಯ ಎರಡು, ಮೂರು, ನೂರು ಪಟ್ಟು ಆವೃತ್ತಿಗಳೂ ಅಡಗಿರುತ್ತವೆ ಎಂದು ಫೂರಿಯೆ ವಿಶ್ಲೇಷಣೆ ಹೇಳುತ್ತದೆ. ಅಗ್ಗದ ಬಲ್ಬಿನಲ್ಲಿ ಸೋಸುಕವನ್ನು ಕೈಬಿಟ್ಟಿದ್ದರೆ ಮನೆಯ ತಂತಿಗಳೇ ಆಂಟೆನಾಗಳಾಗಿ ಈ ಗದ್ದಲವನ್ನು ಹರಡುತ್ತವೆ. ಇದರ ಜೊತೆಗೆ ಪಂಪ್‌ಸೆಟ್ಟಿನ ಸ್ಟಾರ್ಟರ್, ಕಂಬದ ಮೇಲೆ ಸಡಿಲವಾದ ಜೋಡಣೆ, ಈಗ ವಿದ್ಯುದೀಕರಣಗೊಂಡಿರುವ ಅರಸೀಕೆರೆ ಮಾರ್ಗದಲ್ಲಿ ರೈಲು ಹಾದಾಗ 25 ಸಾವಿರ ವೋಲ್ಟ್ ತಂತಿಯಲ್ಲಿ ಹಾರುವ ಕಿಡಿ.

ಮೂಲ ಹುಡುಕುವ ಕ್ರಮ ಜಾನ್ಸ್ಕಿಯದೇ: ಆಲಿಸು, ತಿರುಗಿಸು, ಹೊತ್ತು ಬರೆದಿಡು. ಸೆಲ್ ಹಾಕಿದ ಸಾಧಾರಣ ಮಧ್ಯಮ ತರಂಗದ ರೇಡಿಯೋವನ್ನು ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ತಿರುಗಿಸಿ. ಮನೆಯ ಮುಖ್ಯ ಸ್ವಿಚ್ ಆರಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ; ಸ್ವಿಚ್ಚನ್ನು ಮತ್ತೆ ಹಾಕಿ, ಒಂದೊಂದೇ ಉಪಕರಣ ಹಚ್ಚುತ್ತಾ ಹಿಡಿಯಿರಿ. ನಿಲ್ಲದಿದ್ದರೆ ಹೊರಗೆ ಬನ್ನಿ. ಒಳಗಿನ ಫೆರೈಟ್ ಕಡ್ಡಿ ಮೂಲದತ್ತ ನೇರವಾಗಿ ಚಾಚಿದಾಗ ಸದ್ದು ಅತಿ ಕಡಿಮೆ. ಎರಡು ಜಾಗಗಳಿಂದ ಆ ದಿಕ್ಕುಗಳನ್ನು ನಕ್ಷೆಯ ಮೇಲೆ ಎಳೆದರೆ ಗೆರೆಗಳು ಸೇರುವಲ್ಲಿ ಮೂಲ. ಅದು ಕಂಬವಾಗಿದ್ದರೆ ಮುಟ್ಟದೆ ಲೈನ್‌ಮನ್‌ಗೆ ತಿಳಿಸಿ. ಅಲ್ಲಿ ಕಿಡಿ ಹಾರುತ್ತಿದೆ ಎಂದರೆ ನಾಳೆ ಅಪಾಯವಾಗಬಹುದು.

ಮೌನ ಬೇಕಾದ ಊರುಗಳು

ಗದ್ದಲವಿಲ್ಲದ ಜಾಗದ ಬೆಲೆ ನಮ್ಮ ವಿಜ್ಞಾನಿಗಳಿಗೆ ಗೊತ್ತು. 1970ರ ದಶಕದಲ್ಲಿ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ ಒಂದು ರೇಡಿಯೋ ದೂರದರ್ಶಕ ಕಟ್ಟಿದವು. ಇಂಗ್ಲಿಷಿನ 'ಟಿ' ಅಕ್ಷರದಂತೆ ಹರಡಿದ ಒಂದು ಸಾವಿರ ದ್ವಿಧ್ರುವ ಆಂಟೆನಾಗಳು. ಪೂರ್ವ-ಪಶ್ಚಿಮ ತೋಳು 1.4 ಕಿ.ಮೀ. ಉದ್ದ. 34.5 ಮೆಗಾಹರ್ಟ್ಸ್‌ನಲ್ಲಿ ಅದು ಆಕಾಶದ ನಕ್ಷೆ ತಯಾರಿಸಿತು. ಜಾನ್ಸ್ಕಿ ಕೇಳಿದ ಅದೇ ಆಕಾಶಗಂಗೆಯ 'ಸುಂಯ್' ಸದ್ದು ತುಮಕೂರು ಜಿಲ್ಲೆಯ ಪಕ್ಕದಲ್ಲೇ ವಿಜ್ಞಾನವಾಯಿತು. 2008ರಲ್ಲಿ ಚಂದ್ರಯಾನ-1ರ ಕ್ಷೀಣ ಸಂಜ್ಞೆ ಹಿಡಿಯಲು ಇಸ್ರೋ 18 ಮತ್ತು 32 ಮೀ. ವ್ಯಾಸದ ಆಂಟೆನಾಗಳನ್ನು ನಿಲ್ಲಿಸಿದ್ದು ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ. ಅಲ್ಲಿನ ನೆಲ ಬಟ್ಟಲಿನಂತಿದ್ದು ನಗರದ ರೇಡಿಯೋ ಗದ್ದಲವನ್ನು ತಡೆಯುತ್ತದೆ.

ಸಾಮಾನ್ಯರ ಕೈಗೆ ಎಟುಕುವ ಉಪಗ್ರಹವೂ ಬೆಂಗಳೂರಿನಲ್ಲೇ ತಯಾರಾಯಿತು. 2005ರ ಮೇ 5ರಂದು ಪಿ.ಎಸ್.ಎಲ್.ವಿ.-ಸಿ6 ರಾಕೆಟ್ 42.5 ಕಿ.ಗ್ರಾಂ. ತೂಕದ 'ಹ್ಯಾಮ್‌ಸ್ಯಾಟ್' ಅನ್ನು ಕಕ್ಷೆಗೆ ಸೇರಿಸಿತು. 435 ಮೆಗಾಹರ್ಟ್ಸ್‌ನಲ್ಲಿ ಹವ್ಯಾಸಿಗಳ ದನಿ ಪಡೆದು 145 ಮೆಗಾಹರ್ಟ್ಸ್‌ನಲ್ಲಿ ಹಿಂದಿರುಗಿಸುತ್ತಿದ್ದ ಅದು 2014ರ ಜುಲೈವರೆಗೆ ದುಡಿಯಿತು. 2025ರ ಜುಲೈನಲ್ಲಿ ಅಂತರಿಕ್ಷ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದೊಡನೆ ಹವ್ಯಾಸಿ ರೇಡಿಯೋ ಮೂಲಕ ಮಾತನಾಡಿದರು. ನಿಲ್ದಾಣದ ದನಿಗೆ ಬಳಸುವ ಆವೃತ್ತಿ 145.800 ಮೆಗಾಹರ್ಟ್ಸ್. ಅದು ದಿಗಂತದಿಂದ ಏರುವಾಗ 3.5 ಕಿಲೋಹರ್ಟ್ಸ್‌ನಷ್ಟು ಮೇಲೆ, ಇಳಿಯುವಾಗ ಅಷ್ಟೇ ಕೆಳಗೆ ಕೇಳುತ್ತದೆ. ಡಾಪ್ಲರ್ ಪರಿಣಾಮ ಕಲಿಸಲು ಇದಕ್ಕಿಂತ ಒಳ್ಳೆಯ ರೈಲು ಎಲ್ಲಿದೆ?

ಒಂದು ಎಚ್ಚರಿಕೆ. ಸ್ಕ್ಯಾನರಿಗೆ ಕೇಳುವುದೆಲ್ಲ ನಾವು ಕೇಳಬೇಕಾದುದಲ್ಲ. ಪೊಲೀಸು, ವಿಮಾನ, ಸೇನೆಗಳ ಮಾತು ಸಾರ್ವಜನಿಕರಿಗಾಗಿ ಅಲ್ಲ. 1933ರ ಕಾಯ್ದೆಯ ಜಾಗಕ್ಕೆ ಹಂತಹಂತವಾಗಿ 2023ರ ದೂರಸಂಪರ್ಕ ಕಾಯ್ದೆ ಬರುತ್ತಿದ್ದರೂ ಅನುಮತಿ ಬೇಕೆಂಬ ತತ್ತ್ವ ಉಳಿದಿದೆ. ಶಾಲೆಯಲ್ಲಿ ಪ್ರಯೋಗ ಮಾಡುವವರು ಪ್ರಸಾರದ ಪಟ್ಟಿಗಳಿಗೆ ಸೀಮಿತವಾಗಿ. ಮುಂದೆ ಹೋಗಬೇಕೆಂದರೆ ಪರೀಕ್ಷೆ ಬರೆದು ಹವ್ಯಾಸಿ ಪರವಾನಗಿ ಪಡೆಯಿರಿ, ಇಲ್ಲವೇ ಪರವಾನಗಿ ಇರುವವರನ್ನು ತರಗತಿಗೆ ಕರೆಯಿರಿ.

ಇದೆಲ್ಲ ಬರಿಯ ಹವ್ಯಾಸ ಎನ್ನುವವರಿಗೆ 2004ರ ಡಿಸೆಂಬರ್ 26 ಅನ್ನು ನೆನಪಿಸಬೇಕು. ಸುನಾಮಿ ಬಡಿದು ಅಂಡಮಾನಿನ ದೂರವಾಣಿಗಳು ಸತ್ತಾಗ, ಅಲ್ಲಿದ್ದ ಹವ್ಯಾಸಿ ರೇಡಿಯೋದವರು ಸಣ್ಣ ಪ್ರೇಷಕಗಳಿಂದ ಸುದ್ದಿ ಮುಟ್ಟಿಸಿದರು. ಅವರ ಕ್ಷೀಣ ದನಿಯನ್ನು ದೂರದಲ್ಲಿ ಯಾರೋ ಗದ್ದಲದೊಳಗಿಂದ ಹೆಕ್ಕಿ ಕೇಳಿಸಿಕೊಂಡದ್ದರಿಂದ ಅದು ಸಾಧ್ಯವಾಯಿತು. ನಾವು ನಮ್ಮ ಊರುಗಳನ್ನು ಸೋಸುಕವಿಲ್ಲದ ಅಗ್ಗದ ಉಪಕರಣಗಳಿಂದ ತುಂಬುತ್ತಾ ಹೋದರೆ, ಅಂಥ ದನಿ ಬಂದ ದಿನ ಅದು ನಮಗೆ ಕೇಳಿಸುವುದೇ?

ಉಪಾಧ್ಯಾಯರಲ್ಲಿ ಒಂದು ಕೋರಿಕೆ. ಮುಂದಿನ ವಾರ ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೋ, ಒಂದು ಅಳತೆಪಟ್ಟಿ ಹಿಡಿದು ವಿದ್ಯಾರ್ಥಿಗಳೊಡನೆ ನಾಲ್ಕಾರು ಬಗೆಯ ಬಲ್ಬುಗಳ ಬಳಿ ಹೋಗಿ. ಯಾವ ಬಲ್ಬಿನ ಗರಗರ ಎಷ್ಟು ದೂರದಲ್ಲಿ ಅಡಗುತ್ತದೆ ಎಂದು ಬರೆದಿಡಿ. ಬಳಿಕ ಊರ ಹೊರಗಿನ ಕೆರೆ ಏರಿಗೆ ಹೋಗಿ ಅದೇ ರೇಡಿಯೋ ಹಚ್ಚಿ. ಎರಡು ಕಡೆಯ ವ್ಯತ್ಯಾಸವನ್ನು ಮಕ್ಕಳು ಕಿವಿಯಾರೆ ಕೇಳಲಿ.